ಪುಕ್ಕಟೆ ಸಿಕ್ಕ ಫಲಕ

ಸಿಳ್ಳಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ ಎಂದು ಹೇಳುವವರು ಅವಳನ್ನು ಸರಿಯಾಗಿ ನೋಡಿಲ್ಲ. ಮೂಗಿನ ತುದಿಗೆ ಬರಬೇಕಾದರೆ ಅದು ಒಳಗೆಲ್ಲಿಂದಲೋ ಹೊರಡಬೇಕಲ್ಲ. ಅವಳ ಕೋಪಕ್ಕೆ ಅಂಥ ಪ್ರಯಾಣದ ತಾಪತ್ರಯವೇ ಇರಲಿಲ್ಲ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಮುಖ ತೊಳೆದು ಕೂತಿರುತ್ತಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಗೆ ಬೈಗುಳ. ಬಸ್ಸು ತಡವಾದರೆ ಡ್ರೈವರಿಗೆ, ಬೇಗ ಬಂದರೂ ಡ್ರೈವರಿಗೆ. ಲಾರಿ ಓಡಿಸುವ ಗಂಡ ಅಪರೂಪಕ್ಕೊಮ್ಮೆ ನೆಂಟನ ಹಾಗೆ ಮನೆಗೆ ಬಂದರೆ, ಬಂದದ್ದಕ್ಕೂ ಹೊರಟದ್ದಕ್ಕೂ ಅವನಿಗೆ ಸಮಸಮವಾಗಿ ಸಿಗುತ್ತಿತ್ತು. ಹಾಗಾದರೆ ಕೆಟ್ಟವಳೇ ಎಂದು ಕೇಳಿದರೆ, ಬೀದಿಯಲ್ಲಿ ಯಾರಿಗೆ ಕಾಯಿಲೆಯಾದರೂ ಆಸ್ಪತ್ರೆಗೆ ಜೊತೆಗೆ ಹೋಗುವವಳು ಅವಳೇ. ದಾರಿಯುದ್ದಕ್ಕೂ ರೋಗಿಯನ್ನು ಬೈಯುತ್ತ ಹೋಗುತ್ತಿದ್ದಳು, ಅಷ್ಟೆ.

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳು ಲೈನ್ ಸೂಪರ್‌ವೈಸರ್. ಎರಡು ಸಾಲು ಹೊಲಿಗೆ ಯಂತ್ರಗಳು ಒಟ್ಟಿಗೆ ಮೊರೆಯುವಾಗ ಅಲ್ಲಿ ಮನುಷ್ಯರ ಮಾತು ಕೇಳುವುದಿಲ್ಲ. ಕಾಲರ್ ಹೊಲಿಯುವವಳ ಮುಂದೆ ಬಟ್ಟೆಯ ಕಟ್ಟುಗಳು ರಾಶಿ ಬಿದ್ದು ತೋಳು ಕೂಡಿಸುವವಳು ಕೈಕಟ್ಟಿ ಕೂತಿದ್ದರೆ, ಸಿಳ್ಳಕ್ಕ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹಾಕುವಳು. ಸಾಲಿನ ತಲೆಗಳೆಲ್ಲ ಒಮ್ಮೆಗೇ ಬಗ್ಗಿ ಸೂಜಿಗಳು ಓಡತೊಡಗುತ್ತಿದ್ದವು. ಅಪ್ಪ ಇಟ್ಟ ಚೆಂದದ ಹೆಸರೊಂದು ಅವಳಿಗೂ ಇತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ.

ಆ ಸಿಳ್ಳೆಯೇ ಅವಳನ್ನು ಫುಟ್‌ಬಾಲಿಗೆ ತಂದದ್ದು. ಅಮ್ಮ ತೀರಿಹೋದಾಗ ತಮ್ಮ ಇನ್ನೂ ಚಿಕ್ಕವನು. ಮನೆಯಲ್ಲಿ ಬಿಡಲು ಯಾರೂ ಇಲ್ಲದೆ, ಕೆಲಸ ಮುಗಿಸಿ ಬಂದವಳು ಅವನನ್ನು ನೀರಿನ ಟ್ಯಾಂಕಿನ ಹಿಂದಿನ ಮೈದಾನಕ್ಕೆ ಕರೆದುಕೊಂಡು ಹೋಗಿ, ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ಬಡಾವಣೆಯ ಕ್ಲಬ್ಬು ಆಗ ಒಂದು ಚೆಂಡು, ಎರಡು ಬಿದಿರಿನ ಗೋಲುಕಂಬ, ಒಬ್ಬ ಮುದಿ ಮೇಷ್ಟ್ರು, ಇಷ್ಟೇ. ಒಂದು ಸೀಸನ್ನಿನ ನಡುವೆ ಮೇಷ್ಟ್ರು ಮಗಳ ಊರಿಗೆ ಹೋದವರು ತಿರುಗಿ ಬರಲಿಲ್ಲ. ಮಕ್ಕಳು ಚೆಂಡು ಬಿಟ್ಟು ಒಬ್ಬರ ಕಾಲಿಗೊಬ್ಬರು ಒದೆಯುವುದನ್ನು ನಾಲ್ಕು ದಿನ ಹಲ್ಲುಕಚ್ಚಿ ನೋಡಿದಳು. ಐದನೆಯ ದಿನ ಎದ್ದು ನಿಂತು ಸಿಳ್ಳೆ ಹಾಕಿದಳು. ಆಟದ ನಿಯಮಗಳನ್ನು ಆಮೇಲೆ ರೆಫರಿಗಳ ಜೊತೆ ಜಗಳವಾಡಿ ಕಲಿತಳು. ಅಂದಿನಿಂದ ಚಿಕ್ಕ ಮಕ್ಕಳ ತಂಡ ಅವಳದೇ. ಹತ್ತು ವರ್ಷ ತುಂಬುವವರೆಗೆ ಬಡಾವಣೆಯ ಮಕ್ಕಳೆಲ್ಲ ಅವಳ ಬಾಯಿಗೆ ಬಿದ್ದೇ ಮುಂದೆ ಹೋಗಬೇಕು.

ಅವಳ ಪದ್ಧತಿಯೊಂದಿತ್ತು. ವರ್ಷಪೂರ್ತಿ ಬೈಯುವುದು, ಒಂದೇ ಒಂದು ಸಂಜೆ ಹೊಗಳುವುದು. ಗೋಲು ಹೊಡೆದವನಿಗೂ, "ಕಣ್ಣು ಮುಚ್ಚಿ ಒದ್ದೆ, ಹೋಯ್ತು. ಹಿಗ್ಗಬೇಡ." ಆದರೆ ಸೀಸನ್ ಮುಗಿದ ಮೇಲೆ ನಡೆಯುವ ಬಹುಮಾನದ ಸಂಜೆ, ತಂಡದ ಒಂದೊಂದು ಮಗುವನ್ನೂ ವೇದಿಕೆಗೆ ಕರೆದು, ಕೊರಳಿಗೆ ಪದಕ ಹಾಕಿ, ಆ ಮಗುವಿನ ಬಗ್ಗೆ ಒಂದು ಮಾತು ಹೇಳುವಳು. ಚೆನ್ನಾಗಿ ಆಡಿದ, ಶಭಾಷ್ ಎನ್ನುವ ಸವಕಲು ಮಾತುಗಳನ್ನು ಅವಳು ಆಡುತ್ತಿರಲಿಲ್ಲ. "ಇವನು ಬಿದ್ದಾಗ ಅಮ್ಮ ನೋಡಿದಳಾ ಅಂತ ತಿರುಗಿ ನೋಡದೆ ಎದ್ದ." "ಇವಳು ಸೋತ ದಿನವೂ ಗೋಲಿನ ಬಲೆ ಮಡಚಿಟ್ಟೇ ಮನೆಗೆ ಹೋದಳು." ವರ್ಷವಿಡೀ ಆ ಕಣ್ಣು ಏನನ್ನೆಲ್ಲ ನೋಡಿತ್ತು ಎಂದು ಅಂದು ತಿಳಿಯುತ್ತಿತ್ತು. ಈಗ ಗಡ್ಡಮೀಸೆ ಬಂದು ಸಂಸಾರ ಮಾಡುತ್ತಿರುವ ಕೊಳಾಯಿ ರಿಪೇರಿಯವನು ಕೂಡ, ತನಗೆ ಎಂಟು ವರ್ಷವಿದ್ದಾಗ ಸಿಳ್ಳಕ್ಕ ಹೇಳಿದ ಮಾತನ್ನು ಚಾಚೂ ತಪ್ಪದೆ ಒಪ್ಪಿಸುತ್ತಾನೆ. ಮಧ್ಯೆ ಮಧ್ಯೆ ಹೊಗಳಿದರೆ ಮಕ್ಕಳು ಹಾಳಾಗುತ್ತಾರೆ, ಕೂಡಿಟ್ಟು ಕೊಟ್ಟರೆ ಜೀವಮಾನಕ್ಕೆ ಉಳಿಯುತ್ತದೆ, ಎನ್ನುವುದು ಅವಳ ವಾದ.

ಈ ಸಲದ ಬಹುಮಾನದ ಸಂಜೆಯನ್ನು ಹೋಟೆಲಿನ ಸಭಾಂಗಣದಲ್ಲಿ ಮಾಡಬೇಕೆಂದು ಕ್ಲಬ್ಬಿನ ಅಧ್ಯಕ್ಷನಿಗೆ ಆಸೆ ಹುಟ್ಟಿತು. ಈತನದು ಹಾರ್ಡ್‌ವೇರ್ ಅಂಗಡಿ. ಮೊಳೆಯನ್ನೂ ಎಣಿಸಿ ಕೊಡುವವನಿಗೆ ಹೋಟೆಲಿನ ಚಪಲ. ಹೋಟೆಲಿನವರು ಬಾಡಿಗೆ ಹೇಳಿದ ಮೇಲೆ ಕಮಿಟಿಯವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ಕೂತರು. ಕೊನೆಗೆ ಪ್ರತಿ ವರ್ಷದಂತೆ ಎಲ್ಲರೂ ಸಿಳ್ಳಕ್ಕನ ಕಡೆಗೆ ತಿರುಗಿದರು. ಅಗ್ಗದಲ್ಲಿ ಆಗಬೇಕು, ಅಗ್ಗ ಎಂದು ಕಾಣಬಾರದು. ಇಂಥ ಕೆಲಸ ಹುಟ್ಟಿದ್ದೇ ಅವಳಿಗಾಗಿ ಎಂಬುದು ಕಮಿಟಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಎಲ್ಲರನ್ನೂ ಬೈಯುತ್ತಲೇ ಎಲ್ಲವನ್ನೂ ಮಾಡಿದಳು. ಶಾಲೆಯ ಊಟದ ಕೋಣೆಯನ್ನು ಬಾಡಿಗೆಯಿಲ್ಲದೆ ಹಿಡಿದಳು; ಬದಲಿಗೆ ಕ್ಲಬ್ಬಿನ ದೊಡ್ಡ ಹುಡುಗರು ಅಲ್ಲಿನ ಬೆಂಚುಗಳಿಗೆ ಬಣ್ಣ ಹೊಡೆದರು. ಕಾರ್ಖಾನೆಯಲ್ಲಿ ಥಾನಿನ ಕೊನೆಗೆ ಉಳಿಯುವ ನೀಲಿ, ಬಿಳಿ ತುಂಡುಗಳನ್ನು ಮ್ಯಾನೇಜರನ ತಲೆ ತಿಂದು ತಂದು, ಸಾಲಿನ ಹುಡುಗಿಯರಿಂದ ತೋರಣದಂತೆ ಹೊಲಿಸಿದಳು. ವ್ಯಾನಿನಲ್ಲಿ ಹೊದಿಕೆ, ದಿಂಬು ಮಾರುವವನ ಬಳಿ ಮೈಕು ಮತ್ತು ಸ್ಪೀಕರ್ ಗೊತ್ತುಮಾಡಿದಳು. ಊಟಕ್ಕೆ ಮನೆಗೊಂದು ಪಾತ್ರೆ. ಏನು ತರುತ್ತೀರಿ ಎಂದು ಮನೆಮನೆಗೆ ಹೋಗಿ ಕೇಳಿ, ಇಬ್ಬರು ಒಂದೇ ಹೇಳಿದರೆ ಒಬ್ಬರನ್ನು ಅಲ್ಲೇ ಗದರಿಸಿ ಬದಲಿಸಿದಳು. ಬ್ರೆಡ್ಡು ಬೇಕರಿಯವರದು ಎಂದು ಸೀಸನ್ನಿನ ಆರಂಭದಲ್ಲೇ ಮಾತಾಗಿತ್ತು.

ಬಹುಮಾನದ ಕಪ್ಪುಗಳ ವಿಷಯದಲ್ಲಿ ಅವಳು ತನ್ನನ್ನು ತಾನೇ ಮೀರಿಸಿದಳು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಕಪ್ಪಿನ ಅಂಗಡಿಯಲ್ಲಿ ಯಾವುದೋ ಸಂಘದವರು ಮಾಡಿಸಿ ಒಯ್ಯದೆ ಬಿಟ್ಟ ಒಂದು ಡಜನ್ ಕಪ್ಪುಗಳು ಧೂಳು ಹಿಡಿದು ಕೂತಿದ್ದವು. ಕೆಳಗೆ ಹೆಸರು ಕೆತ್ತಿದ ತಗಡು ಬದಲಿಸಿದರೆ ಹೊಸದೇ. ಮೇಲೆ ನಿಂತ ಗೊಂಬೆಯ ಕೈಯಲ್ಲಿ ಮಾತ್ರ ಬ್ಯಾಡ್ಮಿಂಟನ್ ಬ್ಯಾಟಿತ್ತು. ಅದನ್ನು ಯಾರು ನೋಡುತ್ತಾರೆ ಎಂದ ಅಂಗಡಿಯವನು. ಮಕ್ಕಳು ಮೊದಲು ನೋಡುವುದೇ ಅದನ್ನು ಎಂದು ಅವನ ಜನ್ಮ ಜಾಲಾಡಿ, ಗೊಂಬೆಗಳನ್ನು ಬದಲಾಯಿಸಲು ಒಪ್ಪಿಸಿದಳು. ಜೊತೆಗೆ, ಡಜನ್ ಕೊಂಡವರಿಗೆ ಒಂದು ಮರದ ಫಲಕ ಪುಕ್ಕಟೆ ಎಂಬ ಮಾತನ್ನೂ ಅವನ ಬಾಯಿಂದ ಹೊರಡಿಸಿದಳು. ಅದನ್ನು ಟ್ಯಾಂಕಿನ ಕಾವಲುಗಾರನಿಗೆ ಎಂದು ಮನಸ್ಸಿನಲ್ಲೇ ತೆಗೆದಿಟ್ಟಿದ್ದಳು. ಬೇಲಿಯಾಚೆ ಬಿದ್ದ ಚೆಂಡನ್ನು ಬೈಯದೆ ತಂದುಕೊಡುವ ಮನುಷ್ಯ ಅವನು. ಅದು ಅವಳಿಗೆ ಆಶ್ಚರ್ಯದ ಸಂಗತಿಯಾಗಿತ್ತು.

ಕಪ್ಪುಗಳು ಹೇಗೆ ಬಂದಿವೆ ನೋಡೋಣವೆಂದು ಹೋದಾಗ ಅಂಗಡಿಯವನು ಫಲಕವನ್ನೂ ಮುಂದಿಟ್ಟ. ಕೆತ್ತನೆ ಆಗಲೇ ಅರ್ಧ ಮುಗಿದಿತ್ತು. ಅವನಿಗೆ ಇವಳು ಬರೀ ಫುಟ್‌ಬಾಲ್ ಮೇಡಂ, ಹೆಸರು ಗೊತ್ತಿಲ್ಲ. ಹಾಗಾಗಿ ಯಾವ ಎಗ್ಗೂ ಇಲ್ಲದೆ ಕೇಳಿದ.

"ನಿಮ್ಮ ಸೆಕ್ರೆಟರಿ ಫೋನ್ ಮಾಡಿ ಹೇಳಿದ್ರು ಮೇಡಂ, ಆ ಫ್ರೀ ಪೀಸಿನಲ್ಲಿ ಇದನ್ನ ಮಾಡಿಬಿಡಿ ಅಂತ. ಒಂದು ಪದ ಕೇಳೋದು ಮರೆತೆ. 'ಗೌರವಾರ್ಥ' ಅಂತ ಹಾಕ್ಲಾ, 'ಸ್ಮರಣಾರ್ಥ' ಅಂತ ಹಾಕ್ಲಾ? ಇವರು ಇದ್ದಾರಾ, ಹೋಗಿಬಿಟ್ಟರಾ?"

ಫಲಕದ ಮೇಲೆ ಅಪ್ಪ ಇಟ್ಟ ಆ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ, ಅವಳು ಮೆಟ್ಟಿಲಿನಿಂದ ಎದ್ದು ನಿಂತ ವರ್ಷ, ಒಂದು ಗೆರೆ, ಆಮೇಲೆ ಈ ವರ್ಷ. ಎರಡು ಇಸವಿಗಳ ನಡುವೆ ಗೆರೆ ಎಳೆದರೆ ಏನರ್ಥ ಎಂದು ತಿಳಿಯಲು ಯಾರೂ ಹೆಚ್ಚು ಓದಿರಬೇಕಾಗಿಲ್ಲ. ಸಿಳ್ಳಕ್ಕನ ಬಾಯಿ ಕಟ್ಟಿಹೋದದ್ದನ್ನು ಈ ಲೋಕದಲ್ಲಿ ಕಂಡವನು ಆ ಅಂಗಡಿಯವನೊಬ್ಬನೇ.

"ಇದ್ದಾಳೆ," ಎಂದಳು ಆಮೇಲೆ. "ಗೌರವಾರ್ಥ ಅಂತಲೇ ಹಾಕಿ. ಅಕ್ಷರ ಸೊಟ್ಟ ಬಂದರೆ ನಿಮ್ಮನ್ನ ಸುಮ್ಮನೆ ಬಿಡಲ್ಲ."

ಸೆಕ್ರೆಟರಿ ಎಂದರೆ ಬೇರಾರೂ ಅಲ್ಲ, ಅವಳ ತಮ್ಮ. ಅವಳು ಸಾಕಿ, ಓದಿಸಿ, ಮದುವೆ ಮಾಡಿ, ಕನ್ನಡಕದ ಅಂಗಡಿ ಹಾಕಿಸಿಕೊಟ್ಟ ತಮ್ಮ. ನಡೆದದ್ದು ಇಷ್ಟು. ಅವಳನ್ನು ಕರೆಯದೆ ಒಂದು ಕಮಿಟಿ ಸಭೆ ಕೂತಿತ್ತು. ಚಿಕ್ಕ ಮಕ್ಕಳ ತಂಡದಿಂದ ಅವಳನ್ನು ಇಳಿಸಬೇಕೆಂದು ತೀರ್ಮಾನವಾಗಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಲ್ಲಿಗೆ ಎಲ್ಲರ ನಾಲಿಗೆ ಒಣಗಿತ್ತು. ಆಗ ಅಧ್ಯಕ್ಷನೇ ಉಪಾಯ ಹೇಳಿದ: ವೇದಿಕೆಯ ಮೇಲೆ ನಿಲ್ಲಿಸಿ ಸನ್ಮಾನ ಮಾಡಿಬಿಡೋಣ, ಇಡೀ ಬಡಾವಣೆ ಚಪ್ಪಾಳೆ ತಟ್ಟುವಾಗ ಜಗಳ ತೆಗೆಯುವುದು ಹೇಗೆ? ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಫಲಕಕ್ಕೆ ದುಡ್ಡೆಲ್ಲಿಂದ ಎಂದು ಅವನೇ ಕೇಳಿದಾಗ, ಅಕ್ಕ ಚೌಕಾಸಿ ಮಾಡಿ ಪುಕ್ಕಟೆ ಗಿಟ್ಟಿಸಿದ ಫಲಕವೊಂದಿದೆಯಲ್ಲ ಎಂದು ತಮ್ಮನಿಗೆ ನೆನಪಾಯಿತು. ಯಾರನ್ನು ಕಳಿಸುತ್ತಿದ್ದೇವೋ ಅವಳ ಕೈಯಲ್ಲೇ ಕಪ್ಪು ತರಿಸುತ್ತಿದ್ದೇವೆ ಎಂಬುದು ಮಾತ್ರ ಒಬ್ಬರ ತಲೆಗೂ ಹೊಳೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅವಳು ಕನ್ನಡಕದ ಅಂಗಡಿಗೆ ನುಗ್ಗಿದಾಗ ತಮ್ಮ ಒಬ್ಬ ಮುದುಕರಿಗೆ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಮುದುಕರ ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು, ಅದರಲ್ಲಿ ಒಂದೇ ಕಡೆ ಗಾಜು. ಎದುರು ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳು.

"ನಾನು ಯಾವಾಗ ಸತ್ತೆನೋ?" ಎಂದಳು ಸಿಳ್ಳಕ್ಕ.

ತಮ್ಮನಿಗೆ ಕೂಡಲೇ ಅರ್ಥವಾಯಿತು. ಅವನ ಕೈಯಲ್ಲಿದ್ದ ಗಾಜು ಮೇಜಿನ ಮೇಲೆ ಉರುಳಿತು. ಆಮೇಲೆ ಬರಲೇ ಎಂದು ಮುದುಕರು ಏಳಹೊರಟರು. ನಿಮಗೆ ಕಣ್ಣು ತಾನೇ ಕಾಣದಿರುವುದು, ಕಿವಿ ಕೇಳುತ್ತದಲ್ಲ, ಒಬ್ಬ ಸಾಕ್ಷಿ ಬೇಕು ಕೂತಿರಿ ಎಂದು ಅವಳು ಅವರನ್ನು ಕುರ್ಚಿಗೆ ಅದುಮಿದಳು. ಬಡಪಾಯಿ ಒಂದೇ ಗಾಜಿನಲ್ಲಿ ಅಕ್ಕತಮ್ಮಂದಿರನ್ನು ನೋಡುತ್ತ ಕೂತರು.

ತಮ್ಮ ಮೊದಲು ಸರ್ಟಿಫಿಕೇಟಿನ ಮೊರೆಹೊಕ್ಕ. ಮುಂದಿನ ಸೀಸನ್ನಿನಿಂದ ಮಕ್ಕಳಿಗೆ ಕಲಿಸುವವರಿಗೆ ತರಬೇತಿಯ ಸರ್ಟಿಫಿಕೇಟ್ ಇರಬೇಕಂತೆ, ಶಾಲೆಯ ವ್ಯಾಯಾಮದ ಮೇಷ್ಟ್ರ ಬಳಿ ಅದಿದೆಯಂತೆ. ಸರ್ಟಿಫಿಕೇಟ್ ತಾನೇ, ನಾನೂ ಹೋಗಿ ತರುತ್ತೇನೆ, ಮಿಕ್ಕವರೆಲ್ಲ ಹುಟ್ಟುವಾಗ ಹಿಡಿದುಕೊಂಡು ಬಂದಿದ್ದರೇ ಎಂದಳು. ಅವನು ಗಾಜನ್ನು ಎತ್ತಿಕೊಂಡು ಬಟ್ಟೆಯಲ್ಲಿ ಒರೆಸತೊಡಗಿದ. ಒರೆಸುತ್ತಲೇ ಇದ್ದ.

"ಅದೊಂದೇ ಅಲ್ಲ ಅಕ್ಕಾ. ಬೇಕರಿಯವರ ಮಗಳು ಯಾಕೆ ಆಟ ಬಿಟ್ಟಳು ಗೊತ್ತಾ ನಿನಗೆ?"

"ಟ್ಯೂಷನ್ನು."

"ಟ್ಯೂಷನ್ ಅಂತ ನಿನಗೆ ಹೇಳಿದ್ದು. ಪ್ರಾಕ್ಟೀಸಿನ ಹಿಂದಿನ ರಾತ್ರಿ ಮಗು ಹಾಸಿಗೆ ಒದ್ದೆ ಮಾಡ್ಕೊಳ್ತಿತ್ತಂತೆ. ಅವರಮ್ಮ ಬಂದು ಕಮಿಟಿಗೆ ಹೇಳಿದ್ರು. ಅವಳೊಬ್ಬಳೇ ಅಂತಲೂ ಅಲ್ಲ."

ಸಿಳ್ಳಕ್ಕನ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷದ ಬಿಸಿಲು, ಧೂಳು, ಸಂಬಳದಲ್ಲಿ ಕೊಂಡ ಚೆಂಡುಗಳು, ರಜೆಯ ದಿನವೆಂದರೆ ಏನೆಂದೇ ತಿಳಿಯದ ಬದುಕು, ಎಲ್ಲ ಸೇರಿ ಕೊನೆಗೆ ಒಂದು ಮಗುವಿನ ಹಾಸಿಗೆಯ ಮಾತಿಗೆ ಬಂದು ನಿಂತಿತೇ? ಉಂಡ ಮನೆಗೆ ಎರಡು ಬಗೆದೆ ಎಂದು ತಮ್ಮನನ್ನು ಬೈದಳು. ಬೆನ್ನಿಗೆ ಇರಿಯುವುದಾದರೆ ಚಾಕುವನ್ನಾದರೂ ಸ್ವಂತ ದುಡ್ಡಿನಲ್ಲಿ ಕೊಳ್ಳಬಾರದಿತ್ತೇ ಎಂದಳು.

"ಇದೇ ಬಾಯಲ್ಲಿ ನಿನ್ನನ್ನೂ ಬೆಳೆಸಿದ್ದು ಕಣೋ. ನೀನೇನು ಹಾಳಾಗಿ ಹೋದೆಯಾ?"

ತಮ್ಮ ಗಾಜು ಕೆಳಗಿಟ್ಟ. ತಲೆಯೆತ್ತಿ ಅವಳನ್ನು ನೋಡದೆ, ಗೋಡೆಯ ಅಕ್ಷರಗಳಿಗೆ ಹೇಳುವವನಂತೆ ಹೇಳಿದ.

"ನಲವತ್ತು ಆಗ್ತಾ ಬಂತು ನನಗೆ. ಎರಡು ಮಕ್ಕಳ ಅಪ್ಪ. ಒಂದು ಮಾತು ನಿನ್ನ ಎದುರಿಗೆ ನಿಂತು ಹೇಳೋಕಾಗದೆ ಫಲಕ ಕೆತ್ತಿಸಿದೀನಿ. ಇನ್ನೂ ಹೇಗೆ ಹಾಳಾಗಬೇಕು ಅಕ್ಕಾ?"

ಮುದುಕರು ಗಂಟಲು ಸರಿಮಾಡಿಕೊಂಡರು. ಸಿಳ್ಳಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ನಿನ್ನ ಫಲಕವನ್ನು ನೀನೇ ಇಟ್ಟುಕೋ, ಅದೇ ವೇದಿಕೆಯಲ್ಲಿ ಅದೇ ಮೈಕಿನಲ್ಲಿ ನಿಮ್ಮೆಲ್ಲರ ಬಣ್ಣ ಬಯಲು ಮಾಡದಿದ್ದರೆ ಕೇಳು ಎಂದು ಹೇಳಿ ಬಾಗಿಲು ಬಡಿದು ಹೊರಟಳು.

ಹೊರಟವಳು ನೆಟ್ಟಗೆ ಬೇಕರಿಗೇ ಹೋದಳು. ಹುಡುಗಿಯ ತಾಯಿ ಗಲ್ಲಾದ ಹಿಂದೆ ನಿಂತು ಬನ್ನು ಕಟ್ಟಿಕೊಡುತ್ತಿದ್ದಳು. ದೂರು ಇದ್ದರೆ ನನಗೆ ಹೇಳಬೇಕಿತ್ತು, ಊರಿಗೆಲ್ಲ ಯಾಕೆ ಹೇಳಿದಿರಿ ಎಂದು ಸಿಳ್ಳಕ್ಕ ಗಿರಾಕಿಗಳ ನಡುವೆಯೇ ಕೇಳಿದಳು. ಹೇಳಬೇಕೆಂದೇ ಮೈದಾನಕ್ಕೆ ಬಂದಿದ್ದೆ, ಒಂದು ಸಲವಲ್ಲ, ಹಲವು ಸಲ, ಆದರೆ ಬಂದಾಗಲೆಲ್ಲ ನೀವು ಯಾರಿಗೋ ಬೈಯುತ್ತಿದ್ದಿರಿ, ಹಾಗೇ ತಿರುಗಿ ಬಂದೆ ಎಂದು ಆ ತಾಯಿ ಕಾಗದಕ್ಕೆ ದಾರ ಸುತ್ತುತ್ತ ಹೇಳಿದಳು. ಅವಳ ದನಿಯಲ್ಲಿ ಜಗಳವೇ ಇರಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ನಿಂತಿದ್ದಾಳಲ್ಲ ಎಂದು ಸಿಳ್ಳಕ್ಕನಿಗೆ ಅದೂ ಒಂದು ಕೋಪ.

ಆದರೆ ಅಲ್ಲಿ ನಿಂತಿದ್ದಾಗಲೇ ಅವಳಿಗೊಂದು ದಾರಿ ಕಂಡಿತು. ಹುಡುಗಿ ಸೀಸನ್ನಿನ ಮುಕ್ಕಾಲು ಭಾಗ ಆಡಿದ್ದಾಳೆ, ಪದಕ ಅವಳದೇ, ಬಹುಮಾನದ ಸಂಜೆ ಕರೆದುಕೊಂಡು ಬರಲೇಬೇಕು ಎಂದಳು. ತಾಯಿ ಹಿಂದೆ ಮುಂದೆ ನೋಡಿದಳು. ಕೊನೆಗೆ, ಹೇಗೂ ಬ್ರೆಡ್ಡು ತರಬೇಕಲ್ಲ, ಕರೆತರುತ್ತೇನೆ ಎಂದಳು. ಸಿಳ್ಳಕ್ಕನಿಗೆ ಅಷ್ಟು ಸಾಕಾಗಿತ್ತು. ಆ ಹುಡುಗಿಯ ಬಗ್ಗೆ ಹೇಳಲು ಅವಳು ಕೂಡಿಟ್ಟ ಮಾತು ಇಷ್ಟು ವರ್ಷಗಳಲ್ಲೇ ಬಲು ದೊಡ್ಡದು. ಹುಡುಗಿ ಓಡಿಹೋದದ್ದು ಅದನ್ನು ಕೇಳುವ ಮೊದಲು, ತಪ್ಪಾದದ್ದು ಅಷ್ಟೇ. ಕೇಳಲಿ ಒಮ್ಮೆ. ಕೇಳಿದ ಮೇಲೆ ಮುಖ ಅರಳಿಸಿಕೊಂಡು ವೇದಿಕೆ ಹತ್ತುತ್ತಾಳೆ, ಇಡೀ ಬಡಾವಣೆ ಕಣ್ಣಾರೆ ನೋಡುತ್ತದೆ, ಆಮೇಲೆ ಯಾವ ಮುಖ ಹೊತ್ತು ಫಲಕ ಕೊಡುತ್ತಾರೋ ನೋಡೋಣ. ಮಕ್ಕಳನ್ನು ತನ್ನ ಕೈಯಿಂದ ಕಿತ್ತುಕೊಳ್ಳಲು ಇವರು ಯಾರು?

ಆ ವಾರವೆಲ್ಲ ಬಸ್ಸಿನಲ್ಲಿ, ಹೊಲಿಗೆ ಯಂತ್ರಗಳ ಸದ್ದಿನ ನಡುವೆ, ಮೈಕಿನಲ್ಲಿ ಆಡಬೇಕಾದ ಮಾತುಗಳನ್ನು ಗೊಣಗುತ್ತ ಓಡಾಡಿದಳು. ಅಧ್ಯಕ್ಷನಿಗೆ ಒಂದು, ಕಮಿಟಿಗೆ ಒಂದು, ತಮ್ಮನಿಗೆ ಎಲ್ಲಕ್ಕಿಂತ ಉದ್ದದ್ದು. ಬಡವನ ಕೋಪ ದವಡೆಗೆ ಮೂಲ ಎಂದು ಕಾರ್ಖಾನೆಯಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ಅವರಿಗೂ ಅಲ್ಲೇ ಸಿಕ್ಕಿತು.

ಸಂಜೆ ಬಂತು. ಊಟದ ಕೋಣೆಯ ಬೆಂಚುಗಳು ಹೊಸ ಬಣ್ಣದ ವಾಸನೆ ಬೀರುತ್ತಿದ್ದವು. ಪೂರ್ತಿ ಒಣಗದ ಒಂದರ ಮೇಲೆ ಕೂತ ಖಜಾಂಚಿಯ ಪ್ಯಾಂಟಿಗೆ ಹಸಿರು ಪಟ್ಟೆ ಬಂದಿತ್ತು. ನೀಲಿ ಬಿಳಿ ತೋರಣ ಗೋಡೆಯಿಂದ ಗೋಡೆಗೆ ಓಡಿತ್ತು. ಪಾತ್ರೆಗಳ ಸಾಲಿನ ಕೊನೆಗೆ, ಬಾಗಿಲ ಬಳಿ, ಬೇಕರಿಯ ಟ್ರೇಗಳು. ಅವುಗಳ ಹಿಂದೆ ತಾಯಿ, ತಾಯಿಯ ಹಿಂದೆ ಹುಡುಗಿ. ಅಧ್ಯಕ್ಷ ಮೈಕು ಹಿಡಿದು ಮಾನ್ಯರೇ ಎಂದದ್ದೇ ತಡ, ಸ್ಪೀಕರಿನಲ್ಲಿ ಉಳಿದಿದ್ದ ಧ್ವನಿಮುದ್ರಣ ಚಾಲೂ ಆಗಿ, ಎರಡು ದಿಂಬು ಕೊಂಡರೆ ಒಂದು ಹೊದಿಕೆ ಉಚಿತ ಎಂದು ಕೂಗಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಪ್ಪುಗಳು ಹಂಚಿಕೆಯಾದವು. ನೋಡಿದವರಿಗೆ ಇದು ಅಗ್ಗದಲ್ಲಿ ಆದದ್ದು ಎನಿಸಲಿಲ್ಲ. ತಮ್ಮ ಮಾತ್ರ ಮೂಲೆಯಲ್ಲಿ ಫಲಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕೂರಲೂ ಆಗದೆ ನಿಲ್ಲಲೂ ಆಗದೆ ಚಡಪಡಿಸುತ್ತಿದ್ದ.

ಚಿಕ್ಕ ಮಕ್ಕಳ ಸರದಿ ಬಂದಾಗ ಸಿಳ್ಳಕ್ಕ ಮೈಕನ್ನು ಪಕ್ಕಕ್ಕೆ ತಳ್ಳಿದಳು. ಆ ಗಂಟಲಿಗೆ ಅದರ ಹಂಗು ಬೇಕಿರಲಿಲ್ಲ. ಒಂದೊಂದೇ ಮಗು ಹತ್ತಿತು, ಒಂದೊಂದು ಮಾತು ಪಡೆಯಿತು, ಕಿವಿ ಕೆಂಪಗೆ ಮಾಡಿಕೊಂಡು ಇಳಿಯಿತು. ಕೊನೆಗೆ ಅವಳು ಬೇಕರಿಯ ಹುಡುಗಿಯನ್ನು ಹೆಸರು ಹಿಡಿದು ಕೂಗಿದಳು.

ಹುಡುಗಿ ಬರಲಿಲ್ಲ. ಸಿಳ್ಳಕ್ಕ ಇನ್ನೊಮ್ಮೆ ಕೂಗಿ, ಅಲ್ಲಿಂದಲೇ ಹೇಳಿದಳು.

"ಈ ತಂಡದಲ್ಲಿ ಚೆಂಡು ಸಿಕ್ಕ ಕೂಡಲೇ ತಲೆಯೆತ್ತಿ, ಬೇರೆಯವರು ಎಲ್ಲಿದ್ದಾರೆ ಅಂತ ನೋಡೋಳು ಇವಳೊಬ್ಬಳೇ. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಕಲಿಸೋಕೆ ಹೋಗಿ ಸೋತಿದ್ದೀನಿ ಅದನ್ನ. ಇವಳಿಗೆ ನಾನು ಕಲಿಸಲೇ ಇಲ್ಲ. ಅವಳಿಗೇ ಬಂತು."

ಕೊಳಾಯಿ ರಿಪೇರಿಯವನು ಓಹೋ ಎಂದ. ಚಪ್ಪಾಳೆ ಬಿತ್ತು, ಜೋರಾಗಿಯೇ ಬಿತ್ತು. ಅಂಥ ಮಾತನ್ನು ಸಿಳ್ಳಕ್ಕನ ಬಾಯಿಂದ ಯಾರೂ ಕೇಳಿರಲಿಲ್ಲ. ಆಮೇಲೆ ಚಪ್ಪಾಳೆ ನಿಂತಿತು. ಎಲ್ಲರೂ ಬಾಗಿಲ ಕಡೆಗೆ ತಿರುಗಿ ಕಾದರು. ತಾಯಿಯ ಬೆನ್ನಿಗೆ ಮುಖ ಒತ್ತಿಕೊಂಡಿದ್ದ ಹುಡುಗಿಯ ಮಾತು, ಮೆಲ್ಲಗೆ ಆಡಿದ್ದಾದರೂ, ಆ ಮೌನದಲ್ಲಿ ಇಡೀ ಕೋಣೆಗೆ ಕೇಳಿಸಿತು.

"ಈಗ ಯಾಕಮ್ಮಾ ಬೈತಿದ್ದಾರೆ? ನಾನು ಬಿಟ್ಟಿದೀನಲ್ಲ."

ಯಾರೂ ನಗಲಿಲ್ಲ. ಇಲ್ಲ ಪುಟ್ಟಾ, ಬೈಯುತ್ತಿಲ್ಲ, ನಿನ್ನನ್ನು ಹೊಗಳಿದರು ಎಂದು ತಾಯಿ ಪಿಸುಗುಟ್ಟಿದಳು. ಹುಡುಗಿ ನಂಬಲಿಲ್ಲ.

ಸಿಳ್ಳಕ್ಕ ವೇದಿಕೆಯ ಮೇಲೆ ಪದಕ ಹಿಡಿದು ನಿಂತಿದ್ದಳು. ಮೊದಲು ಅವಳಿಗೆ ಬಂದದ್ದು ಸಿಟ್ಟೇ: ಇಂಥ ಮಾತು ಹೇಳಿದರೂ ತಿಳಿಯದ ಪೆದ್ದು ಎಂದು. ಆಮೇಲೆ ಆ ಸಿಟ್ಟಿಗೆ ಹೋಗಲು ಜಾಗವಿಲ್ಲದಾಯಿತು. ಹುಡುಗಿಗೆ ಮಾತು ಕೇಳಿಸಿರಲಿಲ್ಲ, ದನಿ ಮಾತ್ರ ಕೇಳಿಸಿತ್ತು. ಅದು ಯಾವ ದನಿ ಎಂದು ತನಗೆ ಗೊತ್ತಿರಬೇಕಾಗಿತ್ತು ಎಂದು ಅವಳಿಗೆ ಅನಿಸಿತು.

ಅವಳು ಮೆಟ್ಟಿಲಿಳಿದು ಬಾಗಿಲವರೆಗೆ ನಡೆದಳು. ಜನ ಕಾಲು ಮಡಚಿ ದಾರಿ ಬಿಟ್ಟರು. ಹುಡುಗಿಯ ಮುಂದೆ ಮಂಡಿಯೂರಿ ಕೂತು, ಅದೇ ಮಾತನ್ನು ಸಣ್ಣ ದನಿಯಲ್ಲಿ ಹೇಳಲು ಬಾಯಿ ತೆರೆದಳು. ಸಣ್ಣ ದನಿಯನ್ನು ಅವಳು ಯಾವ ಕಾಲದಲ್ಲಿ ಬಿಟ್ಟಿದ್ದಳೋ, ಗಂಟಲಿನಿಂದ ಬರೀ ಗೊರಗೊರ ಸದ್ದು ಹೊರಟಿತು. ಪದಕ ಚಾಚಿದಳು. ಹುಡುಗಿ ಅಮ್ಮನ ಮುಖ ನೋಡಿ, ಆಮೇಲೆ ಎರಡು ಬೆರಳಿನಲ್ಲಿ ರಿಬ್ಬನ್ನಿನ ತುದಿ ಹಿಡಿದು, ಸಿಳ್ಳಕ್ಕನ ಕೈ ತಾಗದ ಹಾಗೆ ಪದಕವನ್ನು ಎಳೆದುಕೊಂಡಳು.

ಸಿಳ್ಳಕ್ಕ ವೇದಿಕೆಗೆ ತಿರುಗಿ ಬಂದಳು. ಈಗ ಸಿಡಿಯುತ್ತಾಳೆ ಎಂದು ಕಮಿಟಿಯವರು ಕುರ್ಚಿಯ ಅಂಚಿಗೆ ಬಂದಿದ್ದರು. ಅಧ್ಯಕ್ಷ ಪಾತ್ರೆಗಳು ಬಿಸಿಯಾಗಿವೆಯೇ ನೋಡುವ ನೆವದಲ್ಲಿ ಜಾಗ ಖಾಲಿ ಮಾಡಿದ್ದ. ಅವಳು ಮಕ್ಕಳ ಕಡೆ ನೋಡಿ, ಮುಂದಿನ ಸೀಸನ್ನಿನಿಂದ ನಿಮಗೆ ಶಾಲೆಯ ವ್ಯಾಯಾಮದ ಮೇಷ್ಟ್ರು ಕಲಿಸುತ್ತಾರೆ, ಹೊತ್ತಿಗೆ ಸರಿಯಾಗಿ ಹೋಗಿ ಎಂದಷ್ಟೇ ಹೇಳಿದಳು. ವಾರವೆಲ್ಲ ಮಸೆದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

ತಮ್ಮ ಬಳಿಗೆ ಬಂದ. ಬಟ್ಟೆಯ ಸುತ್ತು ಬಿಚ್ಚಿದ್ದ ಫಲಕವನ್ನು ಎದೆಗೊತ್ತಿಕೊಂಡಿದ್ದ, ಕೊಡುವ ಧೈರ್ಯವಿರಲಿಲ್ಲ.

"ಬೇಡ ಅಂದ್ರೆ ಬೇಡ ಅಕ್ಕಾ," ಎಂದ ಯಾರಿಗೂ ಕೇಳದ ಹಾಗೆ. "ನಾನು ಕಮಿಟಿಗೆ ಹೇಳ್ತೀನಿ. ನೀನೇ ಇರು."

ಅವನ ಬೆರಳುಗಳು ಫಲಕದ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವಳು ಆ ಬೆರಳುಗಳನ್ನು ನೋಡಿದಳು. ಇವನೊಬ್ಬನಿಗಾದರೂ ಒಂದು ಮಾತನ್ನು ಮೆತ್ತಗೆ ಹೇಳಬೇಕು ಎಂದುಕೊಂಡಳು.

"ಕೊಡೋ ಇಲ್ಲಿ," ಎಂದಳು.

ಅದು ಕೋಣೆಯ ಕೊನೆಯವರೆಗೆ ಕೇಳಿಸಿತು. ತಮ್ಮ ಬೆಚ್ಚಿಬಿದ್ದು, ಎರಡೂ ಕೈಯಲ್ಲಿ ಫಲಕವನ್ನು ಅವಳ ಮುಂದೆ ಚಾಚಿಬಿಟ್ಟ.